ಹುಳದ ಮನೆಯ ಹೊಸ್ತಿಲು

ರೈತರಿಗೆ ರೇಷ್ಮೆ ಮೊಟ್ಟೆ ಕೊಡುವ ಬಿತ್ತನೆ ಕೋಠಿಯ ಆ ಅಧಿಕಾರಿಗೆ ಸತ್ಯ ಗೊತ್ತಿತ್ತು. ಗೊತ್ತಿದ್ದೂ ಅವರು ಹದಿನೇಳು ವರ್ಷದ ಹುಡುಗಿಯೊಬ್ಬಳ ತಲೆಯ ಮೇಲೆ ಸುಳ್ಳನ್ನು ಹೊರಿಸಿ, ಸೈಕಲ್ ಹತ್ತಿ ಹೊರಟುಹೋದರು. ಆ ಹುಡುಗಿ ನಾನು. ನಮ್ಮ ಮನೆಯ ರೇಷ್ಮೆ ಹುಳುಗಳು ಸತ್ತದ್ದು ಅವರ ಕೋಠಿಯಿಂದ ಬಂದ ಮೊಟ್ಟೆಯೊಳಗಿನ ರೋಗದಿಂದ. ಮನೆ ಬಿಟ್ಟು ಹೋಗಬೇಕಾದವಳು ನಾನು. ಈ ಎರಡರ ನಡುವೆ ಇರುವುದು ಅವರ ಮೌನ ಒಂದೇ. ಆ ಮೌನಕ್ಕೆ ಅವರು ಉತ್ತರ ಹೇಳಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ. ನನ್ನ ಪಾಲಿನ ತಪ್ಪನ್ನೂ ಇಲ್ಲಿ ಬಚ್ಚಿಡುವುದಿಲ್ಲ. ಅದನ್ನು ಬಚ್ಚಿಟ್ಟರೆ ಇನ್ನೊಬ್ಬರನ್ನು ಪ್ರಶ್ನಿಸುವ ಹಕ್ಕು ನನಗೆ ಉಳಿಯುವುದಿಲ್ಲ.

ನಮ್ಮ ಊರು ಹನೂರಿಗೆ ಮೂರು ಮೈಲಿ. ಮನೆಯೆಂದರೆ ಮುಂದೊಂದು ಜಗಲಿ, ಒಳಗೊಂದು ನಡುಮನೆ, ಪಕ್ಕದಲ್ಲಿ ಅಡುಗೆಯ ಕೋಣೆ, ಹಿಂದೆ ಬಚ್ಚಲು. ಹುಳು ಸಾಕುವ ದಿನಗಳಲ್ಲಿ ನಡುಮನೆ ನಮ್ಮದಾಗಿರುತ್ತಿರಲಿಲ್ಲ. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿದೊಡನೆ ಅದು ಹುಳದ ಮನೆಯಾಗುತ್ತಿತ್ತು. ನಾವು ಚಾಪೆ ಸುತ್ತಿಕೊಂಡು ಜಗಲಿಗೆ ಬರುತ್ತಿದ್ದೆವು. ಹುಳುಗಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಕದಲದೆ ಕುಳಿತು, ಪೊರೆ ಕಳಚುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಮನೆಮಂದಿಯೆಲ್ಲ ಹಿಪ್ಪುನೇರಳೆ ಸೊಪ್ಪು ಹೊತ್ತರೂ ಸಾಲದು. ಆ ಒಂದು ವಾರ ತಪ್ಪಿದರೆ ಗೂಡಿಲ್ಲ.

ಆ ಕೋಣೆಯಲ್ಲಿ ಅಜ್ಜಿಯ ಮಾತೇ ಕಾನೂನು. ಕೊನೆಯ ವಾರ ಒಗ್ಗರಣೆಯ ಹೊಗೆ ಏಳಬಾರದು. ಮುಟ್ಟಾದವರು ಹೊಸ್ತಿಲು ದಾಟಬಾರದು. ಹೊರಗಿನಿಂದ ಬಂದವರು ಮನೆಯವರೇ ಆದರೂ ಮಿಂದು, ಒಗೆದ ಬಟ್ಟೆ ಉಟ್ಟ ಮೇಲೆಯೇ ಒಳಗೆ. ನಮ್ಮಪ್ಪ ಬೀಡಿ ಸೇದಬೇಕಾದರೆ ಹೊಲದ ಹುಣಿಸೆ ಮರದ ಬುಡಕ್ಕೆ ಹೋಗಬೇಕಿತ್ತು.

“ಹುಳಕ್ಕಿರೋ ಮರ್ವಾದೆ ಈ ಅಟ್ಟೀಲಿ ನಂಗಿಲ್ವಲ್ಲವ್ವ” ಎಂದು ಅಪ್ಪ ಗೊಣಗಿದರೆ, ಅಜ್ಜಿ ತಟ್ಟೆಯಿಂದ ತಲೆಯೆತ್ತದೆಯೇ ಹೇಳುತ್ತಿದ್ದಳು: “ಹುಳ ಬೀಡಿ ಸೇದಾಕಿಲ್ಲ ಕಣ್ಲಾ.”

ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಕೊಳ್ಳೇಗಾಲದ ಕಾಲೇಜಿಗೆ ಸೇರುವ ಹೊತ್ತಿಗೆ ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಊರಿನಿಂದ ಕಾಲೇಜಿಗೆ ಹೊರಟ ಮೊದಲ ಹುಡುಗಿ ನಾನು. ಓದಿಸುವುದೋ ಬೇಡವೋ ಎಂಬ ಜಗಳ ನಮ್ಮ ಮನೆಯಲ್ಲಿ ನಡೆಯಲಿಲ್ಲ. ನಡೆದದ್ದು ನಾನು ಎಲ್ಲಿರಬೇಕೆಂಬ ಜಗಳ. ಕೊಳ್ಳೇಗಾಲದಲ್ಲಿ ಸೋದರತ್ತೆಯ ಮನೆಯಿತ್ತು.

“ಅಲ್ಲಿ ಅತ್ತೆ ಅವ್ಳೆ, ಮಾವ ಅವ್ರೆ. ದಿನಾ ಹನೂರ್‌ಗಂಟ ನಡ್ದು, ಬಸ್ ಅತ್ತಿ, ಮತ್ತೆ ಬಂದು, ಇವ್ಳು ಓದೋದ್ಯಾವಾಗ?” ಎಂದರು ಅಪ್ಪ.

“ದಿನಾ ಓಗ್ಲಿ, ದಿನಾ ಬರ್ಲಿ” ಎಂದಳು ಅಜ್ಜಿ. “ಈ ಅಟ್ಟೀಲಿ ಮನಗೋಳು ಈ ಅಟ್ಟಿಯೋಳು. ಬ್ಯಾರೆ ಕಡೆ ಮನಗುದ್ರೆ ಅವ್ಳು ನೆಂಟಳು. ನೆಂಟ್ರು ನನ್ ಹುಳ ಮುಟ್ಟಂಗಿಲ್ಲ.”

“ನಿಂಗೆ ಮೊಮ್ಮಗಳ ಓದಿಗಿಂತ ಹುಳಾನೇ ಎಚ್ಚು.”

“ಎರಡೂ ಬೇಕು ಕಣ್ಲಾ. ಅದ್ಕೇ ಇಲ್ಲೇ ಇರ್ಲಿ ಅಂದೆ. ನೀನ್ ಯೋಳು ಕೂಸೆ, ಎಲ್ಲಿರ್ತೀಯ?”

ಇಲ್ಲೇ ಇರುತ್ತೇನೆಂದೆ. ಅದು ಅಜ್ಜಿಯ ಮಾತಿಗೆ ಕಟ್ಟುಬಿದ್ದು ಆಡಿದ ಉತ್ತರವಲ್ಲ. ಆ ಕೋಣೆಯ ವಿದ್ಯೆ ನನ್ನ ಕೈಗೆ ಹತ್ತುತ್ತಿತ್ತು. ಜ್ವರಕ್ಕೆ ಕೂತ ಹುಳು ಯಾವುದು, ಸೋಮಾರಿ ಹುಳು ಯಾವುದು ಎಂದು ತಟ್ಟೆಯ ಮೇಲೆ ಬಾಗಿ ಗುರುತಿಸಬಲ್ಲೆ. ಕೋಳಿಯ ಗರಿಯಿಂದ ಎಳೆಯ ಹುಳುವನ್ನು ನೋವಾಗದಂತೆ ಸರಿಸಬಲ್ಲೆ. ನಮ್ಮವ್ವನಿಗೆ ಒಲಿಯದ ಕೆಲಸ ನನಗೆ ಒಲಿದಿದೆಯೆಂದು ಅಜ್ಜಿ ಒಮ್ಮೆ ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೂ ಅಷ್ಟು ಹೆಮ್ಮೆ ಕೊಟ್ಟಿರಲಿಲ್ಲ.

ಹೀಗೆ ನನ್ನ ಓಡಾಟ ಶುರುವಾಯಿತು. ಬೆಳಿಗ್ಗೆ ಸೊಪ್ಪು ಹಾಕಿ, ನಡೆದು ಹನೂರಿಗೆ, ಅಲ್ಲಿಂದ ಬಸ್ಸು. ಒಂದು ದಿನ ನನ್ನ ಜಡೆಯಲ್ಲಿ ಹುಳುವೊಂದು ಸಿಕ್ಕಿಕೊಂಡು ಬಸ್ಸಿನವರೆಗೂ ಬಂದಿತ್ತು. ಅಂದಿನಿಂದ ಕಂಡಕ್ಟರಿಗೆ ನಾನು ಹುಳದಮ್ಮ. “ಹುಳದಮ್ಮ ಬಂದ್ರು, ವಸಿ ಜರುಗ್ರಪ್ಪ! ಎಲ್ರೂ ರೇಷ್ಮೆ ಉಟ್ಕಂಡು ಬತ್ತಾರೆ, ಇವ್ರು ಮುಡ್ಕಂಡೇ ಬತ್ತಾರೆ” ಎಂದು ಕೂಗುತ್ತಿದ್ದ. ಸಿಟ್ಟು ಬರುತ್ತಿರಲಿಲ್ಲ. ಎರಡು ಲೋಕಗಳಿಗೂ ಸೇರಿದವಳು ನಾನು ಎಂಬ ಗರ್ವವೇ ಆಗುತ್ತಿತ್ತು. ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೆರೆಯ ನೀರಿನ ಹನಿಯೊಂದನ್ನಿಟ್ಟು ಮೊದಲ ಸಲ ಕಣ್ಣಿಟ್ಟ ದಿನ, ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ವರ್ಣಿಸಿದೆ. “ಕಣ್ಣಿಗೆ ಕಾಣ್ದಿರೋದ್ನ ಕಾಣುಸ್ತದಾ? ಅಂಗಾರೆ ನಮ್ ಹುಳಾನೂ ವಸಿ ನೋಡು” ಎಂದಿದ್ದಳು.

ಆ ವರ್ಷದ ಕಡೆಯ ಬೆಳೆಗೆ ಹನೂರಿನ ಕೋಠಿಯಿಂದ ಮೊಟ್ಟೆಯ ಹಾಳೆಗಳು, ಎಂದರೆ ಚಿಟ್ಟೆಗಳು ಮೊಟ್ಟೆಯಿಟ್ಟ ಕಾಗದಗಳು, ಬಂದವು. ಪ್ರತಿ ಹಾಳೆಯ ಮೂಲೆಯಲ್ಲೂ ಕೋಠಿಯ ಮೊಹರು, ಒಟ್ಟಿಗೆ ತಯಾರಾದ ಮೊಟ್ಟೆಗಳ ಗುರುತಾದ ಲಾಟಿನ ನಂಬರು. ಮೊಟ್ಟೆಯೊಡೆದು ಹುಳು ಹೊರಬಂದ ಮೇಲೆ ಖಾಲಿ ಹಾಳೆಗಳಲ್ಲೊಂದನ್ನು ಅಜ್ಜಿ ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದಳು. ಗೂಡು ಬಿಡಿಸಿದ ಮೇಲೆಯೇ ಅದನ್ನು ತೆಗೆಯುವುದು. ಅದು ಅವಳ ಅತ್ತೆಯಿಂದ ಬಂದ ರೂಢಿ.

ಎರಡನೆಯ ಜ್ವರದಿಂದ ಎದ್ದಾಗಲೇ ತಟ್ಟೆಯಲ್ಲಿ ಏನೋ ಸರಿಯಿರಲಿಲ್ಲ. ದಪ್ಪ ಹುಳುಗಳ ನಡುವೆ ಅರ್ಧ ಗಾತ್ರದವು ಉಳಿದುಕೊಂಡಿದ್ದವು. “ಈ ಸಲ ಹುಳ ಒಂದೇ ಸಮ ಇಲ್ವಲ್ಲ ಕೂಸೆ” ಎಂದು ಅಜ್ಜಿ ನನಗೆ ತೋರಿಸಿದ್ದಳು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನಾವು ಮನೆಯವರೆಲ್ಲ ಅದನ್ನು ಮರೆತೆವು.

ನಾಲ್ಕನೆಯ ಜ್ವರ ಬಿಡುವ ದಿನ ಕೊಳ್ಳೇಗಾಲದಿಂದ ಹಿಂದಿರುಗುವ ಬಸ್ಸು ದಾರಿಯಲ್ಲಿ ಕೆಟ್ಟುನಿಂತಿತು. ಮನೆ ತಲುಪುವಾಗ ಹೊತ್ತು ಇಳಿಯುತ್ತಿತ್ತು. ಅವ್ವ ಚಳಿಜ್ವರದಲ್ಲಿ ಜಗಲಿಯ ಮೇಲೆ ಮಲಗಿದ್ದಳು. ಚಿಕ್ಕವಳಾದ ತಂಗಿ ಅವಳ ಪಕ್ಕದಲ್ಲಿ ಕೂತಿದ್ದಳು. ಅಪ್ಪ ಸೊಪ್ಪು ಕೊಯ್ಯಲು ಹೋಗಿದ್ದರು. ಒಳಗೆ ಅಜ್ಜಿ ಒಬ್ಬಳೇ. ಸಾವಿರಾರು ತಲೆಗಳು ಒಮ್ಮೆಗೇ ಮೇವಿಗಾಗಿ ಎದ್ದಿದ್ದವು.

“ಬಂದ್ಯಾ? ಮಿಂದ್ಬುಟ್ಟು ಬಿರ್‍ನೆ ಬಾ” ಎಂದು ಒಳಗಿನಿಂದ ಕೂಗಿದಳು.

ಬಚ್ಚಲಿನ ಒಲೆ ಹತ್ತಿರಲಿಲ್ಲ. ನಾನು ಹಿತ್ತಿಲ ಕಲ್ಲಿನ ಮೇಲೆ ಕೈಕಾಲು ತೊಳೆದುಕೊಂಡೆ. ಬಸ್ಸಿನಲ್ಲಿ ಉಟ್ಟಿದ್ದ ಸೀರೆಯ ಸೆರಗನ್ನೇ ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದೆ.

“ಮಿಂದ್ಯಾ?”

“ಹ್ಞೂಂ.”

ಅಜ್ಜಿಗೆ ನಾನು ಹೇಳಿದ ಆ ಸುಳ್ಳು ಒಂದೇ ಒಂದು ಉಸಿರಿನದು. ಅವಳು ತಿರುಗಿಯೂ ನೋಡಲಿಲ್ಲ. ನನ್ನ ಮಾತನ್ನು ನೋಡಿ ಪರೀಕ್ಷಿಸುವ ಅಭ್ಯಾಸ ಅವಳಿಗಿರಲಿಲ್ಲ. ಇಬ್ಬರೂ ಸೇರಿ ಎಲ್ಲ ತಟ್ಟೆಗಳಿಗೂ ಸೊಪ್ಪು ಹಾಸಿದೆವು.

ನಾಲ್ಕನೆಯ ದಿನಕ್ಕೆ ಹುಳುಗಳು ಮೇವು ಬಿಟ್ಟವು. ಮೈ ಸುಕ್ಕುಗಟ್ಟಿ, ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳೆದ್ದು, ತಟ್ಟೆಯಂಚಿಗೆ ತೆವಳಿ ಬಂದು ಕೆಳಗೆ ಬೀಳತೊಡಗಿದವು. ಅಪ್ಪ ಹನೂರಿಗೆ ಓಡಿ ಕೋಠಿಯ ಅಧಿಕಾರಿಗೆ ಸುದ್ದಿ ಮುಟ್ಟಿಸಿದರು.

ಮರುದಿನ ಬೆಳಿಗ್ಗೆ ಅವರು ಬಂದರು. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸೂಕ್ಷ್ಮದರ್ಶಕ. ಜಗಲಿಯ ಬೆಳಕಿನಲ್ಲಿ ಅದನ್ನಿಟ್ಟು, ಹುಳುವೊಂದನ್ನು ಅರೆದು, ಗಾಜಿನ ಮೇಲೆ ಸವರಿ, ಕಣ್ಣಿಟ್ಟರು. ಗಾಜನ್ನು ತುಸು ಸರಿಸಿ ಮತ್ತೆ ನೋಡಿದರು. ಇನ್ನೊಂದು ಹುಳು ಕೇಳಿದರು; ಅದನ್ನೂ ಅರೆದು ನೋಡಿದರು. ನಾನು ಎರಡು ಮೊಳದ ದೂರದಲ್ಲಿ ನಿಂತಿದ್ದೆ.

“ಏನ್ ಸಾ, ಏನಾರ ಕಾಣ್ತದಾ?” ಎಂದು ಅಜ್ಜಿ ಕೇಳಿದಳು.

ಅವರು ಗಾಜನ್ನು ಪಂಚೆಯ ಅಂಚಿನಿಂದ ಒರೆಸಿದರು. ಅದಾದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ರೋಗದ ಹೆಸರಲ್ಲ. “ಮೊಟ್ಟೆ ಹಾಳೆ ಎಲ್ಲಿ? ಎಲ್ಲಾ ವಾಪಸ್ ಕೊಡಿ.”

“ಖಾಲಿ ಹಾಳೆ ಯಾಕ್ ಸಾ?”

“ಕೊಡಿ ಅಂದ್ರೆ ಕೊಡಿ ಅಜ್ಜಿ.” ಅವ್ವ ತಂದುಕೊಟ್ಟ ಹಾಳೆಗಳನ್ನು ಮಡಿಚಿ ಜೇಬಿಗೆ ಹಾಕಿಕೊಂಡ ಮೇಲೆ ಕೇಳಿದರು: “ಹೊರಗಿನಿಂದ ಬಂದೋರು ಯಾರಾದ್ರೂ ಸ್ನಾನ ಮಾಡದೆ ಒಳಗೆ ಹೋಗಿದ್ರಾ?”

“ನಮ್ಮಟ್ಟೀಲಿ ಅಂಗೆಲ್ಲ ಆಗಾಕಿಲ್ಲ ಸಾ” ಎಂದಳು ಅಜ್ಜಿ, ತಲೆಯೆತ್ತಿ.

ಆ ತಲೆಯನ್ನು ತಗ್ಗಿಸಿದವಳು ನಾನು. “ನಾನು ಹೋಗಿದ್ದೆ. ಮೀಯದೆ ಹೋಗಿದ್ದೆ” ಎಂದೆ.

ಅಧಿಕಾರಿ ನನ್ನ ಕಡೆ ನೋಡಿದರು. ಆ ಮುಖದಲ್ಲಿ ಕಂಡದ್ದನ್ನು ಅಂದು ನಾನು ಕೋಪವೆಂದು ತಿಳಿದೆ. ಅದು ಪಾರಾದವರ ನಿರಾಳಭಾವ. “ಮತ್ತಿನ್ನೇನಜ್ಜಿ? ಕಾಲೇಜು ಹುಡುಗಿ. ಹತ್ತೂರಿನ ಧೂಳು ಹೊತ್ತು ತಂದು ನಿಮ್ಮ ಹುಳದ ಮೇಲೆ ಸುರಿದಿದ್ದಾಳೆ. ಮೊಟ್ಟೆ ಏನು ಮಾಡೀತು? ಗುಂಡಿ ತೋಡಿ ಹೂತುಬಿಡಿ.”

ಪೆಟ್ಟಿಗೆಗೆ ಬೀಗ ಬಿತ್ತು. ನಾನು ಸೂಕ್ಷ್ಮದರ್ಶಕದಲ್ಲಿ ನೋಡಲು ಕಲಿತವಳು. “ಸಾರ್, ನಾನೂ ಒಮ್ಮೆ ನೋಡಬಹುದೇ?” ಎಂಬ ನಾಲ್ಕು ಪದಗಳಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದವಳಿಗೆ ಪ್ರಶ್ನೆ ಕೇಳುವ ಬಾಯಿ ಎಲ್ಲಿಯದು? ಹಿತ್ತಿಲಲ್ಲಿ ಅಪ್ಪ ಗುಂಡಿ ತೋಡಿದರು. ಅಜ್ಜಿ ತಟ್ಟೆಗಳನ್ನು ಒಂದೊಂದಾಗಿ ತಾನೇ ಹೊತ್ತು ತಂದು ಸುರಿದಳು, ನನ್ನನ್ನು ಮುಟ್ಟಗೊಡಲಿಲ್ಲ. ಬಯ್ಯಲೂ ಇಲ್ಲ.

ಒಂದು ವಾರದ ನಂತರ ಅವಳೇ ಮಾತು ತೆಗೆದಳು. “ಇರು ಕೂಸೆ, ಇಲ್ಲೇ ಇರು. ಜಗಲೀಲಿರು, ಅಡ್ಗೆ ಮನೇಲಿರು. ಹುಳದ್ ತಾವ ಮಾತ್ರ ಬರಬ್ಯಾಡ.”

“ಒಳಕ್ಕೆ ಬುಡ್ದೇ ಓದ್ರೆ ನಾನಿಲ್ಲಿ ಯಾರು? ಅತ್ತೆ ಮನೆಗೇ ಓಯ್ತೀನಿ.”

“ಓಗು ಅಂತ ನಾನಂದ್ನಾ?”

“ಇರೋಕೆ ಜಾಗ ಎಲ್ಲಿ ಬುಟ್ಟೆ?”

ಅಜ್ಜಿಗೆ ನಾನು ಕೊಟ್ಟ ಈ ಉತ್ತರವನ್ನು ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳಲಾರೆ. ಅವಳು ತನ್ನ ಕಾನೂನಿನೊಳಗೆ ನನಗಾಗಿ ಎಷ್ಟು ಜಾಗ ಮಾಡಬಹುದಿತ್ತೋ ಅಷ್ಟನ್ನು ಮಾಡಿದ್ದಳು. ಅದನ್ನು ಅವಮಾನವೆಂದು ಎಣಿಸಿ, ಟ್ರಂಕಿಗೆ ಪುಸ್ತಕ ತುಂಬಿದವಳು ನಾನು. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಹೊರಗೆ ಹಾಕಿದಂತೆ ನಡೆದುಕೊಂಡು ಹೊರಟೆ.

ಕೊಳ್ಳೇಗಾಲದಲ್ಲಿ ಅತ್ತೆಯ ಮನೆ ನೇಕಾರರ ಬೀದಿಯ ಪಕ್ಕದಲ್ಲಿತ್ತು. ಬೆಳಗಿನಿಂದ ಮಗ್ಗಗಳ ಸದ್ದು. ಅತ್ತೆ ಒಳ್ಳೆಯವಳು, ಓದಿಗೆ ಕೊರತೆಯಾಗಲಿಲ್ಲ, ಅಂಕಗಳೂ ಚೆನ್ನಾಗಿ ಬಂದವು. ಬೇಕಾದದ್ದೆಲ್ಲ ಇತ್ತು. ರಜೆಯಲ್ಲಿ ಊರಿಗೆ ಹೋದರೆ ನಾನು ನೆಂಟಳು. ಜಗಲಿಯಲ್ಲಿ ಚಾಪೆ, ಹಿತ್ತಾಳೆ ಚೊಂಬಿನಲ್ಲಿ ನೀರು. ಅಜ್ಜಿ ಒಳಗಿನಿಂದ ಒಂದು ತಟ್ಟೆ ತಂದು ಹೊಸ್ತಿಲ ಆಚೆಯೇ ನಿಂತು, ಓರೆ ಮಾಡಿ ಹಿಡಿಯುತ್ತಿದ್ದಳು. “ನೋಡು, ಎಂಗವೆ?” ನಾನು ಹೊರಗಿನಿಂದಲೇ ಕತ್ತು ಚಾಚಿ, “ನಾಳೆ ಜ್ವರಕ್ಕೆ ಕೂರ್ತವೆ” ಎನ್ನುತ್ತಿದ್ದೆ. “ಸರಿಯಾಗೇ ಯೋಳ್ದೆ” ಎಂದು ತಟ್ಟೆಯನ್ನು ಒಳಗೆ ಒಯ್ಯುತ್ತಿದ್ದಳು. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ತೀರಿಕೊಂಡಳು. ಆವರೆಗೂ ನಮ್ಮಿಬ್ಬರ ನಡುವೆ ಆ ಹೊಸ್ತಿಲೇ ಇತ್ತು.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಂದು ಬೆಳಿಗ್ಗೆ ಪ್ರಯೋಗಾಲಯದಲ್ಲಿ ನಮ್ಮ ಮುಂದೆ ರೋಗ ಹಿಡಿದ ರೇಷ್ಮೆ ಹುಳುವನ್ನು ಇಟ್ಟರು. ಕರಿಮೆಣಸಿನ ಚುಕ್ಕೆಗಳು. ಅರೆದು ನೋಡಿದರೆ ಹೊಳೆಯುವ ಸಣ್ಣ ಸಣ್ಣ ಮೊಟ್ಟೆಯಾಕಾರದ ಕಣಗಳು. ಇದು ಗಂಟುರೋಗ ಎಂದು ಅಧ್ಯಾಪಕರು ವಿವರಿಸಿದರು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ರೋಗ ಹೊತ್ತ ಹುಳುಗಳು ಮೊದಲಿನಿಂದಲೇ ಒಂದೇ ಸಮ ಬೆಳೆಯುವುದಿಲ್ಲ. ಆದ್ದರಿಂದಲೇ ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಪರೀಕ್ಷಿಸಿದ ಹೊರತು ಹಾಳೆಯನ್ನು ರೈತರಿಗೆ ಕೊಡಕೂಡದು. ನನ್ನ ಕಿವಿಯಲ್ಲಿ ಅಜ್ಜಿಯ ಮಾತು: ಹುಳ ಒಂದೇ ಸಮ ಇಲ್ವಲ್ಲ ಕೂಸೆ.

ಅಂದು ಸಂಜೆ ನನ್ನ ಹಾಸ್ಟೆಲಿನ ಕೋಣೆಯ ಗೆಳತಿಗೆ ಎಲ್ಲವನ್ನೂ ಹೇಳಿದೆ. ಅವಳು ಯಳಂದೂರಿನವಳು, ಅವರದೂ ಹುಳು ಸಾಕುವ ಮನೆ.

“ಲೇ, ಆ ಬೆಳೇಲೇ ನಮ್ಮದೂ ಓಯ್ತು ಕಣೇ. ಇದೇ ಥರ, ಮೆಣಸಿನ ಪುಡಿ ಉದ್ರುಸ್ದಂಗೆ.”

“ಯಾರ್ ಮೇಲೆ ಹಾಕುದ್ರು?”

“ನಮ್ಮತ್ತಿಗೆ ಮ್ಯಾಲೆ. ತವರಿಂದ ಬಂದೋಳು ಸೀದಾ ಒಳಕ್ ಬಂದ್ಬುಟ್ಲು ಅಂತ. ಮತ್ತೆ ತವರಿಗೇ ಕಳುಸುದ್ರು. ಒಂದ್ ವರ್ಷ ಅಲ್ಲೇ ಇದ್ಲು. ಈಗ್ಲೂ ಹುಳದ್ ತಾವ ಬುಡಾಕಿಲ್ಲ. ಅಂದ್ರೆ... ಅವ್ಳು ಏನೂ ಮಾಡಿರ್ನಿಲ್ವಾ?”

ಅವಳ ತಂದೆಗೆ ಪ್ರತಿ ಬೆಳೆಯ ಲಾಟಿನ ನಂಬರನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುವ ಅಭ್ಯಾಸ. ಅವಳು ಪತ್ರ ಬರೆದು ಅದನ್ನು ತರಿಸಿಕೊಂಡಳು. ನಾನು ರಜೆಗೆ ಕಾಯದೆ ಊರಿಗೆ ಹೋದೆ. ಆ ಬೆಳೆಯ ಗೂಡು ಬಿಡಿಸುವ ದಿನ ಬರಲೇ ಇಲ್ಲವಾದ್ದರಿಂದ ಅಜ್ಜಿ ಆ ಒಂದು ಹಾಳೆಯನ್ನು ತೆಗೆದಿರಲೇ ಇಲ್ಲ. ಅಧಿಕಾರಿಯ ಜೇಬಿಗೂ ಅದು ಹೋಗಿರಲಿಲ್ಲ. ದೇವರ ಪಟದ ಹಿಂದೆ ಹೊಗೆ ಹಿಡಿದು ಕಂದಾಗಿತ್ತು. ಮೂಲೆಯ ನಂಬರು ಓದಬಹುದಿತ್ತು. ಎರಡೂ ಒಂದೇ.

ಹಾಳೆಯನ್ನು ಅವ್ವನ ಮುಂದೆ ಹಿಡಿದು ಗಂಟುರೋಗ, ಚಿಟ್ಟೆ, ಯಳಂದೂರು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

“ನೀನು ನಿನ್ ಪರವಾಗಿ ನೀನೇ ಯೋಳ್ಕೊತೀಯ ಕಣವ್ವ. ಅವತ್ತು ಸಾಹೇಬ್ರು ಕಣ್ಣಲ್ಲಿ ನೋಡಿ ಯೋಳವ್ರೆ. ನೀನೂ ಒಪ್ಕಂಡೆ.”

“ಸಾಹೇಬ್ರು ಸುಳ್ಳು ಯೋಳುದ್ರು ಅವ್ವ.”

“ಅದ್ನ ಅವ್ರೇ ಬಂದು ಯೋಳ್ಲಿ. ನಿಮ್ಮಜ್ಜಿ ಬುಟ್ಟೋದ ಕಾನೂನ್ನ ನಾನ್ಯಾಕೆ ಮುರೀಲಿ? ಈ ಜೂನ್‌ಗೆ ನಿನ್ ತಂಗೀನೂ ಕಾಲೇಜಿಗೆ ಸೇರ್ತಾಳೆ. ಅವ್ಳ್ನ ಮೊದ್ಲೇ ಅತ್ತೆ ಮನೆಗೆ ಕಳುಸ್ಬುಡ್ತೀನಿ. ಒಂದ್ಸಲ ಆಗಿದ್ದು ಸಾಕು.”

ತಂಗಿ ಬಾಗಿಲ ಬಳಿ ನಿಂತಿದ್ದಳು. ಅವಳ ಕೈಯಲ್ಲಿ ಅಜ್ಜಿಯ ಕೋಳಿಗರಿ. “ಅಕ್ಕ, ನಾನ್ ಓಗಾಕಿಲ್ಲ. ನಾನ್ ಇಲ್ಲೇ ಇದ್ದು ಓದ್ತೀನಿ ಅಂತ ಯೋಳು” ಎಂದಳು. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆಯಿಲ್ಲವೆಂದು ಅವಳಿಗಿನ್ನೂ ತಿಳಿದಿಲ್ಲ.

ಆದ್ದರಿಂದ, ಕೋಠಿಯ ಮಾನ್ಯ ಅಧಿಕಾರಿಗಳೇ, ಬೆಲೆಯಿರುವ ಮಾತು ಇನ್ನೂ ತಮ್ಮ ಬಾಯಲ್ಲಿಯೇ ಇದೆ. ಅಂದು ಜಗಲಿಯ ಬೆಳಕಿನಲ್ಲಿ ತಾವು ಗಾಜಿನೊಳಗೆ ಕಂಡದ್ದು ಏನು? ಎರಡನೆಯ ಹುಳುವನ್ನು ಕೇಳಿದ್ದೇಕೆ? ಖಾಲಿ ಹಾಳೆಗಳನ್ನು ಒಯ್ದದ್ದೇಕೆ? ಆ ಲಾಟಿನ ಚಿಟ್ಟೆಗಳನ್ನು ಪರೀಕ್ಷಿಸಿದವರು ಯಾರು, ಅಥವಾ ಯಾರೂ ಪರೀಕ್ಷಿಸಲಿಲ್ಲವೇ? ಇವಕ್ಕೆ ತಮ್ಮ ಸಹಿಯುಳ್ಳ ಲಿಖಿತ ಉತ್ತರವನ್ನು ಈ ಮೂಲಕ ವಿನಂತಿಸುತ್ತೇನೆ. ತಮ್ಮ ಮೇಲಿನವರು ಆ ನಂಬರಿನ ಹಾಳೆಗಳು ಯಾವ ಯಾವ ಊರಿಗೆ ಹೋದವೆಂಬುದನ್ನು ಪತ್ತೆಹಚ್ಚಿ, ಅಂಥ ಪ್ರತಿ ಮನೆಗೂ ತಿಳಿಸಬೇಕೆಂದು ಕೋರುತ್ತೇನೆ. ಯಳಂದೂರಿನ ಮನೆಯಲ್ಲಿ ಒಬ್ಬ ಸೊಸೆ ಇಂದಿಗೂ ಹೊಸ್ತಿಲ ಹೊರಗೇ ನಿಂತಿದ್ದಾಳೆ. ಬೇರೆ ಊರುಗಳಲ್ಲಿ ಯಾರು ಯಾರು ನಿಂತಿದ್ದಾರೋ ನನಗೆ ತಿಳಿಯದು.

ಕಾಗದ ನನ್ನ ಅವ್ವನಿಗೆ ಸಾಲದು, ಅವಳು ಓದಲಾರಳು. ಜೂನ್ ತಿಂಗಳಿಗೆ ಮುಂಚೆ ತಾವು ಖುದ್ದಾಗಿ ನಮ್ಮ ಮನೆಗೆ ಬರಬೇಕು. ಅಂದು ಕೂತ ಜಗಲಿಯಲ್ಲೇ ಕೂತು, ರೋಗ ಮೊಟ್ಟೆಯಲ್ಲಿತ್ತು ಎಂಬ ಒಂದು ವಾಕ್ಯವನ್ನು ಅವಳಿಗೆ ಕೇಳಿಸುವಂತೆ ಹೇಳಬೇಕು. ಅಜ್ಜಿಗೆ ಅದನ್ನು ಹೇಳುವ ಹೊತ್ತು ಮೀರಿತು. ನನ್ನ ಹೊತ್ತೂ ಮೀರಿತು. ತಂಗಿಯ ಟ್ರಂಕು ಇನ್ನೂ ಅಟ್ಟದ ಮೇಲಿದೆ. ಅದನ್ನು ಕೆಳಗಿಳಿಸುವ ಮೊದಲು ತಮ್ಮ ಉತ್ತರ ನಮ್ಮ ಮನೆ ಮುಟ್ಟಲಿ.